ಮಂದಾಕಿನಿ ಮೇಡಂ ಬದಲಿಸಿದ ಹೆಸರು

ಮಂದಾಕಿನಿ ಮೇಡಂ ಮನುಷ್ಯರನ್ನು ಕನ್ನಡದಲ್ಲಿ ಬೈಯುತ್ತಿದ್ದರು, ಯಂತ್ರಗಳನ್ನು ಮರಾಠಿಯಲ್ಲಿ. ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ನನಗೆ ಗೋಡೆಯಾಚೆಯಿಂದ "ಅಗ ಬಾಯಿ, ಐಕ ನಾ!", ಅಂದರೆ ಮಾತು ಕೇಳೇ ತಾಯಿ, ಎಂಬ ಕೂಗು ಕೇಳಿಸಿದರೆ ಯಾವುದೋ ಕಂಪ್ಯೂಟರ್ ಹಟ ಹಿಡಿದಿದೆ ಎಂದೇ ಅರ್ಥ. ಅವರು ಗಡಿಯ ಊರಾದ ಖಜೂರಿಯವರು, ಮನೆಯಲ್ಲಿ ಎರಡೂ ಭಾಷೆ. ಆಳಂದದ ನಮ್ಮ ಸಣ್ಣ ಕಾಲೇಜಿನಲ್ಲಿ ನಾವಿಬ್ಬರೂ ಅತಿಥಿ ಉಪನ್ಯಾಸಕಿಯರು. ಪ್ರತಿ ಬೇಸಿಗೆಗೆ ಕೆಲಸ ಮುಗಿಯುತ್ತಿತ್ತು, ಜೂನಿನಲ್ಲಿ ಕರೆದರೆ ಮತ್ತೆ ಬರುತ್ತಿದ್ದೆವು.

ಮೇಡಂ ಕಂಪ್ಯೂಟರ್ ಕಲಿಸುತ್ತಿದ್ದ ಲ್ಯಾಬಿನ ಯಂತ್ರಗಳೆಲ್ಲ ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟವು. ಮೇಡಂ ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಹಾಕಿ ಅವನ್ನು ಎಬ್ಬಿಸಿ ಕೂರಿಸಿದ್ದರು. ಊಟವೂ ಅಲ್ಲಿಯೇ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಟೈಪ್ ಮಾಡುವರು.

ಒಂದು ದಿನ ನನ್ನನ್ನು ಎಳೆದುಕೊಂಡು ಹೋಗಿ ಪ್ರಿಂಟರಿನ ಸ್ವಿಚ್ ಹಾಕಿ ತೋರಿಸಿದರು. ತುಸು ಹೊತ್ತಿಗೆ ಅದರ ಹೆಸರು ಎಲ್ಲ ಪರದೆಗಳ ಮೇಲೂ ಮೂಡಿತು.

"ನಾ ಯಾವುದಕ್ಕೂ ಏನೂ ಹೇಳಿಲ್ರಿ ಅಕ್ಕಾರ. ಪ್ರಿಂಟರ್ ತಾನ ಒದರತದ, ನಾ ಇಲ್ಲಿ ಅದೀನಿ ಅಂತ. ಉಳಿದವು ಕೇಳಿಸ್ಕೋತಾವ. ಆ ಒದರೋದಕ್ಕ ಒಂದು ಓಣಿ ಬೇಕಲ್ರಿ? ಅದಕ್ಕ ಮೊದಲಿಂದನ 'ಲೋಕಲ್' ಅಂತ ಹೆಸರಿಟ್ಟಿರ್ತಾರ. ನಾವು ಬದಲ್ ಮಾಡಲಿಲ್ಲಂದ್ರ ಅದ ಖಾಯಂ."

ಅಂದು ಅವರ ಮುಖ ನೋಡಬೇಕಿತ್ತು.

ಮರುವರ್ಷ ರಸ್ತೆಯಾಚೆ ಹೊಸ ಕಟ್ಟಡ ಎದ್ದು ಕಚೇರಿ ಅಲ್ಲಿಗೆ ಹೋಯಿತು. "ಅಲ್ಲಿನ ದೊಡ್ಡ ಪ್ರಿಂಟರ್ ನಿಮ್ಮ ಲ್ಯಾಬಿಗೆ ಕಾಣೂಹಂಗ ಮಾಡ್ರಿ ಮೇಡಂ, ಹಳೇದು ತಗದುಬಿಡೂಣು" ಎಂದರು ಪ್ರಿನ್ಸಿಪಾಲರು. 'ಲೋಕಲ್'ನೊಳಗಿನ ಕೂಗು ರಸ್ತೆ ದಾಟುತ್ತಿರಲಿಲ್ಲ. ಮೇಡಂ ಎಲ್ಲೆಲ್ಲೋ ಓದಿ, ಪ್ರತಿ ಯಂತ್ರದಲ್ಲೂ ಆ ಹೆಸರನ್ನು ತೆಗೆದು ಕಾಲೇಜಿನ ಹೆಸರು ಹಾಕಿದರು. ಯಾವುದು ಎಲ್ಲಿದೆ ಎಂದು ಉಳಿದವಕ್ಕೆ ಹೇಳುವ ಕೆಲಸವನ್ನು ಕಚೇರಿಯ ಒಂದು ಕಂಪ್ಯೂಟರಿಗೆ ಒಪ್ಪಿಸಿದರು. ಎಲ್ಲವೂ ಸರಾಗವಾಗಿ ನಡೆಯಿತು. ಅವರೇ ಪೇಢಾ ತಂದು ಹಂಚಿದರು.

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಕಚೇರಿಯ ಆ ಕಂಪ್ಯೂಟರ್ ಮಾತ್ರ ಏಳಲಿಲ್ಲ. ಲ್ಯಾಬಿನ ಯಾವ ಪರದೆಯಲ್ಲೂ ಪ್ರಿಂಟರ್ ಇಲ್ಲ. ಮೇಡಂ ಒಂದೊಂದೇ ಯಂತ್ರಕ್ಕೆ ಪ್ರಿಂಟರಿನ ವಿಳಾಸವನ್ನು ಕೈಯಾರೆ ತುಂಬಿಸುತ್ತ ಹೋದರು. ಅವಸರದಲ್ಲಿ ತಪ್ಪು ಬಿದ್ದು ಮತ್ತೆ ಮೊದಲಿನಿಂದ ತುಂಬಿಸುತ್ತಿದ್ದರು. ಅಂದು ಅವರ ಬಾಯಲ್ಲಿ ಯಾವ ಭಾಷೆಯೂ ಇರಲಿಲ್ಲ.

"ಪ್ರಿಂಟ್ ಇಲ್ದ ಮಾರ್ಕ್ಸ್ ಹೆಂಗ ಕೊಡ್ಲಿ?" ಎಂದ ಹೊರಗಿನ ಪರೀಕ್ಷಕರು ಸಾಕಷ್ಟು ಕಾದು ಹೊರಟುಹೋದರು. ಅರ್ಧ ಮಕ್ಕಳ ಪ್ರಿಂಟು ಬರಲೇ ಇಲ್ಲ. ಫೇಲಾದವರಲ್ಲಿ ಮಾದನಹಿಪ್ಪರಗಾದಿಂದ ಬರುತ್ತಿದ್ದ ಇಬ್ಬರು ಹುಡುಗಿಯರಿದ್ದರು. ಮನೆಯವರು ಅವರನ್ನು ಮತ್ತೆ ಕಾಲೇಜಿಗೆ ಕಳಿಸಲಿಲ್ಲ.

"ಕರೆಂಟಿನಿಂದ ಆಯ್ತು ಅಂತ ಹೇಳ್ರಿ" ಎಂದೆ.

"ಇಲ್ಲಿ ಕರೆಂಟ್ ಹೋಗ್ತದಂತ ನನಗ ಗೊತ್ತಿರಲಿಲ್ಲೇನ್ರಿ? ಎಲ್ಲಾ ಭಾರ ಒಂದರ ಮ್ಯಾಲ ಹೊರಿಸಿದಾಕಿ ನಾ. ಇದ್ದಂಗ ಬಿಟ್ಟಿದ್ದರ ಆ ಹುಡುಗ್ಯಾರು ಪಾಸ್ ಆಗ್ತಿದ್ರು."

ಪ್ರಿನ್ಸಿಪಾಲರ ಮುಂದೆಯೂ ಅದನ್ನೇ ಹೇಳಿದರು. ಅವರು ಬೈಯಲಿಲ್ಲ, ಚಹಾ ತರಿಸಿ ಕೊಟ್ಟರು. ಜೂನಿನಲ್ಲಿ ಮೇಡಂ ಅವರನ್ನು ಕರೆಯಲಿಲ್ಲ, ಅಷ್ಟೇ.

ಅಫಜಲಪುರದ ಕಾಲೇಜಿನಲ್ಲಿ ಕೆಲಸ ಕೇಳಿದರಂತೆ, ಜೇವರ್ಗಿಯಲ್ಲಿ ಕೇಳಿದರಂತೆ. ಎಲ್ಲ ಕಡೆಯೂ ಸುದ್ದಿ ಅವರಿಗಿಂತ ಮೊದಲೇ ಹೋಗಿ ಕೂತಿತ್ತು. ನಾನು ಫೋನ್ ಮಾಡಿದರೆ ಮೇಡಂ "ನೋಡೂಣ್ರಿ" ಎನ್ನುತ್ತಿದ್ದರು. ಆಮೇಲೆ ಎತ್ತುವುದನ್ನೂ ಬಿಟ್ಟರು.

ಹೋದ ವರ್ಷ ಅಂದೋಲಾಕ್ಕೆ ನೆಂಟರ ಮದುವೆಗೆ ಹೊರಟವಳು ಜೇವರ್ಗಿಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಎದುರಿನ ಝೆರಾಕ್ಸ್ ಅಂಗಡಿಯೊಳಗೆ ಮೇಡಂ ಕೂತಿದ್ದರು. ಕೂದಲು ಪೂರ್ತಿ ಹಣ್ಣಾಗಿತ್ತು.

"ಬರ್ರಿ ಅಕ್ಕಾರ" ಎಂದು ಸ್ಟೂಲು ಸರಿಸಿಕೊಟ್ಟರು. ಮದುವೆ, ಬಿಸಿಲು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಬಸ್ಸು ಬಂತು. ನಾನು ಏಳುವಾಗ ಕೇಳಿದರು.

"ನಮ್ ಲ್ಯಾಬ್ ನಡದದೇನ್ರಿ?"

"ಹೋದ ವರ್ಷ ಮುಚ್ಚಿದ್ರು. ಮಕ್ಕಳು ಸೇರಲಿಲ್ಲ. ಕಂಪ್ಯೂಟರ್ ಗುಜರಿಗೆ ಹಾಕಿದ್ರು."

"ಎಲ್ಲಾನೂ?"

"ಎಲ್ಲಾನೂ."

ಮೇಡಂ ಬಾಗಿಲಲ್ಲಿ ನಿಂತಿದ್ದ ಗಿರಾಕಿಯ ಕಡೆ ಕೈ ಚಾಚಿದರು.

"ಆಧಾರ್ ಕೊಡ್ರಿ. ಎರಡೂ ಬಾಜು ಬೇಕೇನು?"