ದಾರಿ ಮುಗಿಸಿಯೇ ಬಂದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಕೂತು, ಗುಂಡಿ ಒತ್ತಿ, "ಎರಡನೇ ಮಹಡಿ, ಮಕ್ಕಳ ಉಡುಪು" ಎಂದು ಕೂಗುವುದೇ ಕೆಲಸ. ನಿವೃತ್ತಿಯಾಗುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತ್ತು. ಡಾಕ್ಟರು "ಸ್ವಲ್ಪ ನಡೀರಿ" ಅಂದರು. ಸ್ವಲ್ಪ ಅಂದರೆ ಎಷ್ಟೆಂದು ಅವರು ಹೇಳಲಿಲ್ಲ, ಈಕೆ ಕೇಳಲಿಲ್ಲ.

ಮೊದಲು ಪಾರ್ಕು. ಆಮೇಲೆ ನದಿಯ ಸೇತುವೆ. ಆಮೇಲೆ ಪಕ್ಕದ ಊರು. ಅಲ್ಲಿಂದ ಬಸ್ಸು ಹತ್ತುವುದು ಅವಮಾನವೆನ್ನಿಸಿ ನಡೆದೇ ವಾಪಸಾದಳು. ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೇಜಿನ ಮೇಲೆ ನಕ್ಷೆ ಹರಡಿ, ಸಮುದ್ರದಂಡೆಯಿಂದ ಗಡಿಯ ಬೆಟ್ಟದವರೆಗಿನ ಕಾಲುದಾರಿಯನ್ನು ತೋರಿಸಿ, "ಇದನ್ನ ಪೂರ್ತಿ ನಡೀತೀನಿ" ಅಂದಳು.

ದೊಡ್ಡಪ್ಪ ಚಹಾದ ಲೋಟ ಕೆಳಗಿಟ್ಟ. "ಬರೋದು ಯಾವಾಗ?"

"ಮುಗಿದಾಗ."

"ನನ್ನ ಊಟ?"

"ಒಲೆ ಎಲ್ಲಿಗೂ ಹೋಗಲ್ಲರೀ, ಇಲ್ಲೇ ಇರುತ್ತೆ."

ಹೊರಟೇಬಿಟ್ಟಳು. ವಾರ ಕಳೆಯುವುದರೊಳಗೆ ದೊಡ್ಡಪ್ಪನ ಜೀವ ಬಾಯಿಗೆ ಬಂತು. ಮದುವೆಮನೆಗೆ ಹೋಗುವಂತೆ ಪಾಲಿಶ್ ಮಾಡಿದ ಬೂಟು ಹಾಕಿ, ಸೂಟ್‌ಕೇಸ್ ಹಿಡಿದು, ಬಸ್ಸಿನಲ್ಲಿ ಹೋಗಿ ಅವಳನ್ನು ಅಡ್ಡಗಟ್ಟಿದ.

"ಸಾಕು ಈ ಹುಚ್ಚಾಟ, ಮನೆಗೆ ನಡಿ."

"ನಿಂತರೆ ಮಂಡಿ ಹಿಡಿಯುತ್ತೆ. ನಡೀತಾ ಮಾತಾಡಿ."

ಪಾಪ, ಜಗಳವಾಡುವುದಕ್ಕೆಂದೇ ಜೊತೆಗೆ ನಡೆದ. ವಾದ ಮುಗಿಯುವಷ್ಟರಲ್ಲಿ ಎರಡು ಗುಡ್ಡ ದಾಟಿದ್ದರು. ಅವನ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಂಥ ಬೊಬ್ಬೆ. ದೊಡ್ಡಮ್ಮ ಪಟ್ಟಿ ಸುತ್ತಿ, ಸೂಟ್‌ಕೇಸನ್ನು ತನ್ನ ಬೆನ್ನಿನ ಚೀಲದ ಮೇಲೆ ಕಟ್ಟಿಕೊಂಡು, ಮುಂದಿನ ಬಸ್ ನಿಲ್ದಾಣದವರೆಗೆ ಅವನನ್ನು ನಡೆಸಿಕೊಂಡು ಹೋದಳು.

ಮನೆಗೆ ಬಂದ ದೊಡ್ಡಪ್ಪ ಸುಮ್ಮನೆ ಕೂರಲಿಲ್ಲ. ತಾನೇ ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ, ಕಾಲುದಾರಿ ರಸ್ತೆಗೆ ಸೇರುವ ಕಡೆಯೆಲ್ಲ ಅವಳಿಗಾಗಿ ಕಾಯತೊಡಗಿದ. ಮೊದಲ ಡಬ್ಬಿಯ ಅನ್ನ ಸೀದಿತ್ತು, ಸಾರಿಗೆ ಉಪ್ಪೇ ಇರಲಿಲ್ಲ. ಹಸಿದಿದ್ದ ದೊಡ್ಡಮ್ಮ ಡಬ್ಬಿಯ ತಳ ಕೆರೆದು ತಿಂದಳು. ತನ್ನ ಕೈರುಚಿ ಅಂಥದ್ದೆಂದು ದೊಡ್ಡಪ್ಪ ಇವತ್ತಿಗೂ ನಂಬಿದ್ದಾನೆ.

ಮಳೆಗಾಲ ಶುರುವಾಗುವ ಮುನ್ನ ಅವಳು ಗಡಿಯ ಬೆಟ್ಟ ಹತ್ತಿದಳು. ಆ ದಾರಿ ಪೂರ್ತಿ ಮುಗಿಸಿದವರಲ್ಲಿ ಅವಳೇ ಹಿರಿಯಳಂತೆ. ಪತ್ರಿಕೆಯಲ್ಲಿ ಇಬ್ಬರ ಫೋಟೋ ಬಂತು. ಕೆಳಗೆ "ಸಾಹಸಿ ದಂಪತಿ" ಎಂದಿತ್ತು. ಬೀದಿಯವರೆಲ್ಲ ದೊಡ್ಡಪ್ಪನ ಕೈ ಕುಲುಕಿದರು. ಅವನು ಯಾರಿಗೂ ಇಲ್ಲವೆನ್ನಲಿಲ್ಲ.

ಆಮೇಲೆ ಅವಳು ಇನ್ನೂ ಎರಡು ದಾರಿ ಮುಗಿಸಿದಳು. ಈಗ ಚಾರಣ ಸಂಘದ ತಂಡಕ್ಕೆ ಅವಳೇ ನಾಯಕಿ. ಏರಿನಲ್ಲಿ ಉಸಿರು ಸಿಕ್ಕದ ಹುಡುಗಿಯರು ಮರದತ್ತ ಕೈ ತೋರಿಸಿ, "ಅಜ್ಜಿ, ಒಂದ್ನಿಮಿಷ, ಹಕ್ಕಿ ನೋಡ್ಬೇಕು" ಅನ್ನುತ್ತಾರೆ.

ದೊಡ್ಡಮ್ಮ ತಿರುಗಿಯೂ ನೋಡದೆ ಹೇಳುತ್ತಾಳೆ: "ಅದು ಆಗಲೇ ಮುಂದೆ ಹೋಯ್ತು. ನಡೀರಿ."