ಕಾಕಾ ಚಹಾ ಹೀರಿದ ಸದ್ದು

ಗೆಳೆಯರೇ, ನಮ್ಮ ಕಾಕಾ-ಕಾಕಿಯ ಮೂವತ್ತು ವರ್ಷದ ಜಗಳವೊಂದು ಇವತ್ತು ಬೆಂಗಳೂರಿನ ಚಹಾ ಹಬ್ಬದಲ್ಲಿ ತೀರ್ಮಾನವಾಯಿತು. ನಾನೇ ಸಾಕ್ಷಿ.

ಅಂಕಲಗಿಯಿಂದ ಬಂದಿದ್ದ ಇಬ್ಬರನ್ನೂ ನಾನೇ ಕರೆದುಕೊಂಡು ಹೋಗಿದ್ದೆ. ಕಾಕಾನದು ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದುಕೊಂಡು ಸೊರ್ರ್ ಎಂದು ಹೀರುವ ಅಭ್ಯಾಸ. ಬಾಗಿಲಲ್ಲೇ ಕಾಕಿ ತಾಕೀತು ಮಾಡಿದಳು: "ನೀವು ಅಂಕಲಗ್ಯಾಗ ಚಾ ಕುಡದ್ರ ಸಂಕೇಶ್ವರದಾಗ ಕೇಳತೈತಿ. ಇಲ್ಲಿ ನಾಕ ಮಂದ್ಯಾಗ ಮರ್ಯಾದಿ ಕಳೀಬ್ಯಾಡ್ರಿ."

ಕಾಕಾ ಪಾಪ, ತಲೆಯಾಡಿಸಿದ.

ಒಂದು ಮಳಿಗೆಯಲ್ಲಿ ಚಹಾದ ರುಚಿ ನೋಡುವುದನ್ನೇ ಉದ್ಯೋಗ ಮಾಡಿಕೊಂಡವರೊಬ್ಬರಿದ್ದರು. ಎಲ್ಲರ ಕೈಗೂ ಒಂದೊಂದು ಚಮಚ ಚಹಾ ಕೊಟ್ಟು ಹೇಳಿದರು: "ನಾಚ್ಕೋಬೇಡಿ. ಗಾಳಿ ಸಮೇತ ಜೋರಾಗಿ ಸದ್ದು ಮಾಡಿ ಹೀರಿ. ಆಗ್ಲೇ ನಿಜವಾದ ರುಚಿ ಗೊತ್ತಾಗೋದು."

ಉಳಿದವರೆಲ್ಲ ನಾಚುತ್ತ ತುಟಿ ಒದ್ದೆ ಮಾಡಿಕೊಂಡರು, ಅಷ್ಟೇ. ಕಾಕಾ ಒಮ್ಮೆ ಕಾಕಿಯ ಮುಖ ನೋಡಿದ, ಕಣ್ಣು ಮುಚ್ಚಿದ, ಎಳೆದ ನೋಡಿ! ಪಕ್ಕದ ಮಳಿಗೆಯವರೂ ತಿರುಗಿ ನೋಡಿದರು.

"ವಾಹ್! ಎಲ್ಲಿ ಕಲಿತ್ರಿ ಸಾರ್ ಇದನ್ನ?" ಎಂದು ಆ ಮಹಾಶಯರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಮನ್ಯಾಗರಿ. ದಿನಾ ಬೈಸ್ಕೊಂತ ಬೈಸ್ಕೊಂತ ಕಲತೇನ್ರಿ," ಎಂದ ಕಾಕಾ, ಎದೆ ಉಬ್ಬಿಸಿ.

ಕಾಕಾ ಎರಡನೇ ಚಮಚಕ್ಕೆ ಕೈ ಚಾಚಿದಾಗ ಕಾಕಿ ಮೆಲ್ಲಗೆ ಆ ಮಹಾಶಯರ ಹತ್ತಿರ ಸರಿದು ಕೇಳಿದಳು:

"ಸಾಹೇಬ್ರ, ಗೊರಕಿದೂ ಹಿಂಗ ಎಲ್ಲೆರ ಹಬ್ಬ ಮಾಡ್ತಾರೇನ್ರಿ? ಮಾಡ್ತಿದ್ರ ಇವರ ಮುಂದ ಮಾತ್ರ ಹೇಳಬ್ಯಾಡ್ರಿ."