'ಆಗಲ್ಲ' ಅನ್ನುವುದೇ ಸ್ಟಾನಿಕಾ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಲ್ಯೆವೊ ಪಟ್ಟಣದ ಮೇಲಿನ ಗುಡ್ಡದಲ್ಲಿ ಸ್ಟಾನಿಕಾ ರಾಸ್‌ಬೆರಿ ಸಾಲುಗಳ ನಡುವೆ ಕಳೆ ಕೀಳುತ್ತ ಒಬ್ಬರೇ ಬೈಯುತ್ತಿದ್ದಾರೆ. "ನನ್ನ ತೋಟದಲ್ಲಿ ತೂತು ಕೊರೀತೀರಾ? ಬಂದ ದಾರಿ ಹಿಡೀರಿ!" ದನಿ ಸಾಲದು ಅನ್ನಿಸಿರಬೇಕು, ಸೊಂಟಕ್ಕೆ ಕೈಕೊಟ್ಟು ಇನ್ನೊಮ್ಮೆ ಹೇಳುತ್ತಾರೆ. ಕೊಟ್ಟಿಗೆಯಿಂದ ಗಂಡ ಮಿಲಾದಿನ್ ಕೂಗುತ್ತಾರೆ: "ಸಾಕು ಮಾರಾಯ್ತಿ, ಕೋಳಿಗಳು ಹೆದರಿ ಮೊಟ್ಟೆ ಇಡೋದು ಬಿಟ್ಟಾವು!"

ಇದು ಜಗಳವಲ್ಲ, ತಾಲೀಮು. ಕೆಳಗಿನ ಕಾಲೇಜಿನಲ್ಲಿ ಭೂವಿಜ್ಞಾನದ ವೃತ್ತಿಪರ ಸ್ನಾತಕೋತ್ತರ ಕೋರ್ಸ್ ಇದೆ. ಓದಿದವರು ನೇರ ಕಂಪನಿಗಳಿಗೆ ಹೋಗುವವರು. ಹಾಗಾಗಿ ಕಲ್ಲುಮಣ್ಣಿನ ಪಾಠದ ಜೊತೆ ಬಜೆಟ್ಟು, ಸುರಕ್ಷತೆ, ಜನರೊಡನೆ ಮಾತುಕತೆ, ಎಲ್ಲಕ್ಕೂ ಪರೀಕ್ಷೆ. ಕಡೆಯ ಪರೀಕ್ಷೆ ಸ್ಟಾನಿಕಾ ಅವರ ಜಗಲಿಯಲ್ಲಿ. ನೆಲದಾಳದ ಬಿಸಿನೀರಿಗಾಗಿ ಕೊರೆಯಲು ಬಂದ ಕಂಪನಿಯವರಂತೆ ವಿದ್ಯಾರ್ಥಿ ಬರಬೇಕು, ಜಮೀನಿನ ಒಡತಿಯ ಒಪ್ಪಿಗೆ ಪಡೆಯಬೇಕು. ಕೊರೆಯುವುದು ಸುಳ್ಳು, ಅಂಕ ಮಾತ್ರ ನಿಜ. ಹನ್ನೊಂದು ವರ್ಷದಿಂದ ಈಕೆ 'ಆಗಲ್ಲ' ಅನ್ನುತ್ತಿದ್ದಾರೆ. ಕೋರ್ಸಿನ ಪುಸ್ತಿಕೆಯಲ್ಲಿ ಕಲಿಸುವವರೆಲ್ಲರ ಫೋಟೊ ಇದೆ, ಇವರದಿಲ್ಲ.

"ನನ್ನ ಮುಖ ಹಾಕಿದ್ರೆ ಹುಡುಗ್ರು ಸೇರೋದೇ ಇಲ್ಲ ಬಿಡಿ" ಎಂದು ನಗುತ್ತಾರೆ.

ಆ 'ಆಗಲ್ಲ' ಪೂರಾ ನಾಟಕವೂ ಅಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ರಸ್ತೆಗಾಗಿ ಯಾರೋ ಗುಡ್ಡ ಕೊರೆದರು. ಮನೆಯ ಹಿಂದಿನ ಒರತೆ ಬತ್ತಿತು. "'ಮತ್ತೆ ಬಂದು ನೋಡ್ತೀವಿ' ಅಂದ್ರು. ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ಎರಡು ಬೇಸಿಗೆ ಹೊಳೆಯಿಂದ ನೀರು ಹೊತ್ತೆ." ಆಮೇಲೆ ತೋಡಿಸಿದ ಬಾವಿಯೇ ಇಂದಿಗೂ ಆಧಾರ. ಅದಕ್ಕೇ ಬಂದವರಿಗೆಲ್ಲ ಒಂದೇ ಪ್ರಶ್ನೆ: "ನನ್ನ ಬಾವಿ ಬತ್ತಿದ್ರೆ?"

ಈ ಸಲ ಆ ಪ್ರಶ್ನೆಗೆ ಸಿಕ್ಕಿ ಒದ್ದಾಡುತ್ತಿರುವವನು ತಾದಿಯಾ. ಬಿಸಿನೀರಿನ ಕಂಪನಿಯೊಂದು ಅವನಿಗೆ ಕೆಲಸ ಇಟ್ಟುಕೊಂಡು ಕಾಯುತ್ತಿದೆ. ಆದರೆ ಎರಡು ಸಲ ಡುಮ್ಕಿ. ಮೂರನೆಯದೇ ಕೊನೆ. ಮೊದಲ ಸಲ ಸ್ಟಾನಿಕಾ, ಮನೆಗೆ ಬಂದವರಿಗೆ ಕೊಡುವ ಅಲ್ಲಿನ ವಾಡಿಕೆಯಂತೆ, ಒಂದು ಚಮಚ ಪ್ಲಮ್ ಪಾಕ, ಒಂದು ಲೋಟ ನೀರು ಮುಂದಿಟ್ಟರು. ಹುಡುಗ ಚೀಲದಿಂದ ಮಾಪಕ ತೆಗೆದು ಲೋಟಕ್ಕೇ ಅದ್ದಿ, "ಲವಣಾಂಶ ಹದವಾಗಿದೆ" ಅಂದ. ಅಂಕ ಹಾಕಲು ಪಕ್ಕದಲ್ಲೇ ಕೂತಿದ್ದ ಪ್ರೊಫೆಸರ್ ಗ್ವೊಜ್ದೆನ್ ಮುಖ ಮುಚ್ಚಿಕೊಂಡರು.

"ಕುಡಿಯೋಕೆ ಕೊಟ್ಟ ನೀರಿಗೆ ಕಡ್ಡಿ ಅದ್ದಿದನಲ್ರೀ! ನಾನೇನು ವಿಷ ಬೆರೆಸಿದ್ನಾ?" ಸ್ಟಾನಿಕಾ ಈಗಲೂ ಕಣ್ಣೀರು ಬರುವಂತೆ ನಗುತ್ತಾರೆ. ಎರಡನೇ ಸಲ ಪಾಕ ತಿಂದ, ನೀರೂ ಕುಡಿದ. ಪ್ರಶ್ನೆ ಬಂದಾಗ "ಖಂಡಿತ ಬತ್ತಲ್ಲ" ಅಂದುಬಿಟ್ಟ. "ಹೌದೇನಪ್ಪಾ, ನೀನೇನು ದೇವರೋ?" ಅಲ್ಲಿಗೆ ಮುಗಿಯಿತು.

ಇವತ್ತು ಜಗಲಿಗೆ ಬಂದ ತಾದಿಯಾ ಚೀಲವನ್ನು ಮೆಟ್ಟಿಲ ಬಳಿಯೇ ಇಡುತ್ತಾನೆ. ಪಾಕ ತಿನ್ನುತ್ತಾನೆ, ನೀರು ಕುಡಿಯುತ್ತಾನೆ. ನಕ್ಷೆ ತೆಗೆಯುವುದೇ ಇಲ್ಲ.

"ನನ್ನ ಬಾವಿ ಬತ್ತಿದ್ರೆ?"

"ಗೊತ್ತಿಲ್ಲ ಚಿಕ್ಕಮ್ಮ" ಅನ್ನುತ್ತಾನೆ. "ಬತ್ತಬಾರದು ಅನ್ನತ್ತೆ ನಮ್ಮ ಲೆಕ್ಕ. ಆದ್ರೂ ಕೊರೆಯೋ ಮೊದಲೇ ಬಾವಿ ಅಳೀತೀನಿ. ಆಮೇಲೆ ತಿಂಗಳಿಗೊಂದ್ಸಲ ನಾನೇ ಬಂದು ಅಳೀತೀನಿ. ನೀರು ಇಳಿದ್ರೆ ಕೆಲಸ ನಿಲ್ಲಿಸ್ತೀವಿ."

ಸ್ಟಾನಿಕಾ ಒಮ್ಮೆ ಬಾವಿಯ ಕಡೆ ನೋಡುತ್ತಾರೆ. "ಸರಿ. ಕೊರೀರಿ" ಅನ್ನುತ್ತಾರೆ. ತಾದಿಯಾ ಎದ್ದು ಅವರನ್ನು ಅಪ್ಪಿಕೊಂಡೇಬಿಡುತ್ತಾನೆ. ಮಿಲಾದಿನ್ ಒಳಗೋಡಿ ಹಣ್ಣಿನಿಂದ ಇಳಿಸಿದ ಮದ್ಯ ರಾಕಿಯಾದ ಬಾಟಲಿ ತರುತ್ತಾರೆ. "ನಲವತ್ತು ವರ್ಷದಲ್ಲಿ ನನಗೂ ಇಷ್ಟು ಬೇಗ ಹೂಂ ಅಂದಿಲ್ಲ ಇವಳು!"

ಎಲ್ಲರೂ ಹೋದ ಮೇಲೆ, ಲೋಟ ತೊಳೆಯುತ್ತ ಸ್ಟಾನಿಕಾ ಮೆಲ್ಲಗೆ ಹೇಳುತ್ತಾರೆ: "'ಬರ್ತೀವಿ' ಅಂತ ಎಲ್ಲರೂ ಅಂತಾರೆ. ಪಾಸಾಗ್ತಾರೆ, ಹೋಗ್ತಾರೆ. ತಪ್ಪೇನಿಲ್ಲ ಬಿಡಿ, ನಾಟಕ ತಾನೆ? ಆದ್ರೂ ಒಬ್ಬ, ಒಬ್ಬನೇ ಒಬ್ಬ ತಿರುಗಿ ಬಂದ್ರೆ ಸಾಕಿತ್ತು ನೋಡಿ."

ಅದಾಗಿ ತಿಂಗಳು. ಈ ಲೇಖನ ಇನ್ನೇನು ಅಚ್ಚಿಗೆ ಹೋಗಬೇಕು, ಬೆಳಗಾಗೆದ್ದು ಸ್ಟಾನಿಕಾ ಅವರ ಫೋನು. ನಾಯಿ ಬೊಗಳಿತಂತೆ. ಹೊರಗೆ ಬಂದರೆ ಬಾವಿಕಟ್ಟೆಯ ಮೇಲೆ ಕಂಪನಿಯ ಹೊಸ ಜಾಕೆಟ್ ತೊಟ್ಟ ತಾದಿಯಾ, ಅಳತೆ ಪಟ್ಟಿ ಇಳಿಬಿಡುತ್ತಿದ್ದನಂತೆ. ಪರೀಕ್ಷೆಯ ದಿನ ಹೋಗುವ ಮುನ್ನವೂ ಒಮ್ಮೆ ಅಳೆದು ಬರೆದುಕೊಂಡಿದ್ದನಂತೆ.

"'ಅಯ್ಯೋ ಹುಚ್ಚಪ್ಪಾ, ಅದು ನಾಟಕ ಕಣೋ! ಇಲ್ಲಿ ಯಾರು ಏನು ಕೊರೆದಿದಾರೆ?' ಅಂದೆ. 'ಮಾತು ಕೊಟ್ಟಿದ್ನಲ್ಲ ಚಿಕ್ಕಮ್ಮ' ಅಂದ."

ಅತ್ತ ಕಡೆ ಮೂಗೆಳೆದುಕೊಂಡ ಸದ್ದು. ಆಮೇಲೆ, ಊರಿಗೆಲ್ಲ ಕೇಳುವಂಥ ದನಿ:

"ಬರ್ಕೊಳ್ಳಿ ಮತ್ತೆ. ನನ್ನ ಬಾವಿ ನೀರು ಒಂದಿಂಚೂ ಇಳಿದಿಲ್ವಂತೆ!"